ಇಂಟರ್‌ನೆಟ್ಟಿಗೆ ತೊಟ್ಟಿಲು ಕಟ್ಟಿದ ಕಥೆ

ನನ್ನ ಮಗಳಿಗೆ ಹೆಸರಿಡಲು ಅಕ್ಕ ಗುವಾಹಟಿಯಿಂದ ಬರುವುದಕ್ಕೆ ಆಗುವುದಿಲ್ಲ ಎಂದು ಗೊತ್ತಾದಾಗ ಎಲ್ಲರೂ ಮುಖ ಸಣ್ಣದು ಮಾಡಿಕೊಂಡರು. ನಾನೊಬ್ಬ ಮಾತ್ರ ಮುಗುಳ್ನಕ್ಕೆ. "ಅಕ್ಕ ಬರೂದು ಯಾಕ ಬೇಕು? ಅಕ್ಕನ್ನ ನಾ ಇಂಟರ್‌ನೆಟ್‌ನ್ಯಾಗ ಕರಸ್ತೇನಿ!" ಎಂದೆ. ಜಗತ್ತಿನಲ್ಲಿ ಇದಕ್ಕಿಂತ ಸುಲಭದ ಕೆಲಸ ಇನ್ನೊಂದಿಲ್ಲ ಎನ್ನುವ ಧಾಟಿಯಲ್ಲಿ ಹೇಳಿದೆ. ಹೇಳುವಾಗ ಕಾಲ ಮೇಲೆ ಕಾಲು ಹಾಕಿ ಕುಳಿತಿದ್ದೆ ಎಂಬುದನ್ನೂ ಇಲ್ಲಿ ದಾಖಲಿಸುವುದು ನನ್ನ ಕರ್ತವ್ಯ.

ಇದು ಇಂಟರ್‌ನೆಟ್ಟು ಟೆಲಿಫೋನಿನ ತಂತಿಯಲ್ಲಿ ಕಿರ್ರೋ ಮರ್ರೋ ಎಂದು ಅಳುತ್ತ ಬರುತ್ತಿದ್ದ ಕಾಲದ ಮಾತು. ನಾನು ಗೋಕಾಕದ ಮನೆಯಲ್ಲಿ ಕುಳಿತು ಮರಾಠಿಯಿಂದ ಕನ್ನಡಕ್ಕೆ ಅನುವಾದ ಮಾಡುತ್ತಿದ್ದೆ. ಕೊಲ್ಹಾಪುರ, ಸಾಂಗ್ಲಿ ಕಡೆಯ ಕಂಪನಿಗಳು ತಮ್ಮ ಪಂಪ್‌ಸೆಟ್ಟು, ಬೀಜ, ಗೊಬ್ಬರಗಳ ಕರಪತ್ರ ಕಳಿಸುತ್ತಿದ್ದವು. ನಾನು ಅವನ್ನು ನಮ್ಮ ಕಡೆಯ ರೈತರಿಗೆ ತಿಳಿಯುವಂತೆ ಕನ್ನಡಕ್ಕೆ ತಿರುಗಿಸಿ ವಾಪಸು ಕಳಿಸುತ್ತಿದ್ದೆ. ಇದಕ್ಕೆ ಫ್ರೀಲಾನ್ಸ್ ಎನ್ನುತ್ತಾರೆ. ಆಫೀಸಿಲ್ಲ, ಪಗಾರವಿಲ್ಲ, ಸಾಹೇಬನಿಲ್ಲ. ಬೆಲ್ಲದ ಬಾಗೇವಾಡಿಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ನನ್ನ ಮಾವನವರನ್ನು ಯಾರಾದರೂ "ನಿಮ್ಮ ಅಳ್ಯಾರು ಏನ್ ಮಾಡ್ತಾರ್ರಿ?" ಎಂದು ಕೇಳಿದರೆ ಅವರು ಅತ್ತಿತ್ತ ನೋಡಿ, ದನಿ ತಗ್ಗಿಸಿ, "ಮನ್ಯಾಗ ಇರ್ತಾರ್ರಿ" ಎನ್ನುತ್ತಿದ್ದರು. ಕೇಳಿದವರು ಮುಂದೆ ಏನೂ ಕೇಳದೆ ಅವರ ಭುಜ ತಟ್ಟಿ ಹೋಗುತ್ತಿದ್ದರು.

ಮನೆಯಲ್ಲೇ ಕುಳಿತು ದುಡಿಯುವವನಿಗೆ ಆಫೀಸಿನ ಗೆಳೆಯರೆಲ್ಲಿಂದ ಬರಬೇಕು? ಆ ಕೊರತೆಯನ್ನು ಇಂಟರ್‌ನೆಟ್ಟು ತುಂಬಿತ್ತು. ನನ್ನ ಹಾಗೆಯೇ ಮನೆಯಲ್ಲಿ ಕುಳಿತು ಅನುವಾದ ಮಾಡುವವರ ಒಂದು ಗುಂಪು ನಮ್ಮದು. ನಾಗಪುರದ ಜೋಶಿ ಮಾಸ್ತರರು, ಮಂಗಳೂರಿನ ಫಿಲೋಮಿನಾ ಬಾಯಿ, ಇನ್ನೂ ಹಲವರು. ಕಂಪ್ಯೂಟರಿನಲ್ಲೇ ನಮಗೊಂದು ಹರಟೆಯ ಕೋಣೆ ಇತ್ತು. ಅದರಲ್ಲಿ ಬರೆಯಲೂಬಹುದು, ಮೈಕು ಹಚ್ಚಿ ಮಾತಾಡಲೂಬಹುದು. ಒಬ್ಬರ ಮುಖ ಇನ್ನೊಬ್ಬರು ಕಂಡವರಲ್ಲ. ಆದರೆ ಮಾಸ್ತರರಿಗೆ ನೋವಿರುವುದು ಯಾವ ಮೊಣಕಾಲಿನಲ್ಲಿ ಎಂದು ನನಗೆ ಗೊತ್ತಿತ್ತು. ಅವಲಕ್ಕಿ ತಿಂದರೆ ನನ್ನ ಹೊಟ್ಟೆ ಉಬ್ಬುತ್ತದೆ ಎಂದು ಫಿಲೋಮಿನಾ ಬಾಯಿಗೆ ಗೊತ್ತಿತ್ತು. ಇದಕ್ಕಿಂತ ಹತ್ತಿರದ ನೆಂಟಸ್ತಿಕೆ ಇನ್ನೇನು ಬೇಕು?

ತೊಡಕು ಒಂದೇ. ಮನೆಗೆ ಇದ್ದದ್ದು ಒಂದೇ ಫೋನ್ ಲೈನು. ನಾನು ಇಂಟರ್‌ನೆಟ್ಟಿನಲ್ಲಿ ಕುಳಿತೆನೆಂದರೆ ಫೋನು ಎಂಗೇಜ್. ಹೆರಿಗೆಗೆಂದು ನನ್ನ ಹೆಂಡತಿ ಪದ್ಮಾ ಬಾಗೇವಾಡಿಯ ತವರಿಗೆ ಹೋಗಿದ್ದಳು. ಮಗಳು ಹುಟ್ಟಿದ ದಿನ ಮಾವನವರು ಬೆಳಗಿನಿಂದ ಗೋಕಾಕಕ್ಕೆ ಫೋನು ಹಚ್ಚಿದ್ದೇ ಹಚ್ಚಿದ್ದು. ನಾನು ಆ ಹೊತ್ತಿನಲ್ಲಿ ಜೋಶಿ ಮಾಸ್ತರರ ಮೊಣಕಾಲಿಗೆ ಸಮಾಧಾನ ಹೇಳುತ್ತಿದ್ದೆ. ಕೊನೆಗೆ ಮೋಟಾರ್ ಸೈಕಲ್ಲಿನಲ್ಲಿ ಗೋಕಾಕದ ಸಂತೆಗೆ ಹೊರಟಿದ್ದ ಬಾಗೇವಾಡಿಯವರೊಬ್ಬರು ನಮ್ಮ ಮನೆಯ ಮುಂದೆ ನಿಂತು, ಗಾಡಿಯಿಂದ ಇಳಿಯದೆಯೇ, "ನಿಮಗ ಮಗಳು ಹುಟ್ಯಾಳ್ರಿ! ಫೋನ್ ಸತ್ತೈತೇನು ಕೇಳಂತ ಹೇಳ್ಯಾರ" ಎಂದು ಕೂಗಿದರು. ಮರುದಿನ ನಾನು ಹೋದಾಗ ಪದ್ಮಾ, "ಕೂಸು ಕಣ್ಣ ಬಿಟ್ಟು, ಹಾಲ ಕುಡದು, ಒಂದು ನಿದ್ದಿ ಮಾಡಿ ಎದ್ದಮ್ಯಾಲ ಅಪ್ಪಗ ಸುದ್ದಿ ಮುಟ್ಟೇತಿ" ಎಂದಳು. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಾನೇ ನಕ್ಕೆ, ಬೇರೆ ದಾರಿ ಇರಲಿಲ್ಲ.

ಇನ್ನು ಅಕ್ಕನ ವಿಷಯ. ಸುನಂದಕ್ಕ ನನಗಿಂತ ಬಹಳ ದೊಡ್ಡವಳು. ಅವ್ವ ಬೇಗ ತೀರಿಕೊಂಡಿದ್ದರಿಂದ ನನ್ನ ತಲೆ ಬಾಚಿ, ಮೂಗು ಒರೆಸಿ, ಶಾಲೆಗೆ ದಬ್ಬಿದವಳು ಅವಳೇ. ಭಾವನವರದು ರೈಲ್ವೆ ನೌಕರಿ. ಅವರು ಅವಳನ್ನು ಕರೆದುಕೊಂಡು ಊರಿಂದೂರಿಗೆ ಹೋಗುತ್ತ ಹೋಗುತ್ತ ಗುವಾಹಟಿ ಮುಟ್ಟಿದ್ದರು. ನಮ್ಮಲ್ಲಿ ಕೂಸಿನ ಹೆಸರನ್ನು ಸೋದರತ್ತೆ ಕಿವಿಯಲ್ಲಿ ಹೇಳಬೇಕು. ಅವಳು ಹೇಳುವ ತನಕ ಅದು ಯಾರಿಗೂ ಗೊತ್ತಿರಬಾರದು. ನನ್ನ ಮದುವೆಯ ದಿನವೇ ಅಕ್ಕ ಪದ್ಮಾಳ ಗದ್ದ ಹಿಡಿದು, "ಕೂಸಿನ ಹೆಸರು ನಂದು. ಅದರಾಗ ಯಾರೂ ಬಾಯಿ ಹಾಕೂ ಹಂಗಿಲ್ಲ" ಎಂದು ಕರಾರು ಮಾಡಿಕೊಂಡಿದ್ದಳು. ಈಗ ನೋಡಿದರೆ ಅವಳ ಮಕ್ಕಳ ಪರೀಕ್ಷೆ, ಬಿಟ್ಟು ಬರುವಂತಿಲ್ಲ. "ಇರಲಿ ಬಿಡೋ ಭರತ್ಯಾ. ಕಲ್ಲೋಳಿ ಕಮಲಾನ ಕಡಿಂದ ಇಡಸ್ರಿ" ಎಂದು ಫೋನಿನಲ್ಲಿ ಹೇಳಿದಳು. ಹೇಳಿ ಸುಮ್ಮನಾದಳು. ಆ ಸುಮ್ಮನಾದದ್ದು ನನಗೆ ತಡೆಯಲಾಗಲಿಲ್ಲ.

ಕಲ್ಲೋಳಿಯ ಕಮಲಕ್ಕ ನಮ್ಮ ಕಾಕಾನ ಮಗಳು. ವರಸೆಯಲ್ಲಿ ಅವಳೂ ಸೋದರತ್ತೆಯೇ. ಒಳ್ಳೆಯವಳು. ಆದರೆ ಹೆಸರಿಡುವ ಸೀರೆಯನ್ನು ಆಗಲೇ ಖರೀದಿ ಮಾಡಿ, ಅದಕ್ಕೆ ಫಾಲ್ ಕೂಡ ಹಚ್ಚಿಸಿದ್ದಳು! ಅಂಥವಳಿಗೆ ನಾನು, "ಕಮಲಕ್ಕಾ, ನೀ ಸುಮ್ಮ ಊಟಕ್ಕ ಬಾ. ಹೆಸರು ಸುನಂದಕ್ಕನ ಇಡ್ತಾಳ" ಎಂದೆ. ಕಮಲಕ್ಕ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ, "ಆತಪಾ. ಸೀರಿ ಅಂತೂ ಉಟಗೊಂಡ ಬರ್ತೇನಿ. ಹೊತ್ತಿಗೆ ಇರಲಿ" ಎಂದಳು.

ನನ್ನ ಯೋಜನೆ ಹೀಗಿತ್ತು: ತೊಟ್ಟಿಲ ದಿನ ಮಧ್ಯಾಹ್ನ ಅಕ್ಕ ತನ್ನ ಓಣಿಯ ಸೈಬರ್ ಕೆಫೆಗೆ ಹೋಗಬೇಕು. ನಮ್ಮ ಹರಟೆಯ ಕೋಣೆಗೆ ಬಂದು ಮೈಕಿನಲ್ಲಿ ಹೆಸರು ಹೇಳಬೇಕು. ಅದು ಬಾಗೇವಾಡಿಯ ತೊಟ್ಟಿಲಲ್ಲಿ ಕೂಸಿನ ಕಿವಿಗೆ ಬೀಳಬೇಕು. ಮೊದಲೇ ಒಮ್ಮೆ ಪರೀಕ್ಷೆ ಮಾಡಿಯೂ ನೋಡಿದ್ದೆ. "ಬಾವ್ಯಾಗ ಬಿದ್ದಾಂವ ಮಾತಾಡಿದಂಗ ಕೇಳತೈತಿ" ಎಂದಳು ಅಕ್ಕ. ಕೇಳುತ್ತದೆಯಲ್ಲ, ಸಾಕು! ಸಂತೋಷ ತಡೆಯದೆ ಗುಂಪಿನ ಗೆಳೆಯರಿಗೆಲ್ಲ ಕೋಣೆಗೆ ಬರಲು ಆಮಂತ್ರಣ ಕೊಟ್ಟೆ. ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಹಿಂದಿನ ದಿನ ಕೊಲ್ಹಾಪುರದ ಶಿಂದೆ ಸಾಹೇಬರು ಫೋನು ಮಾಡಿ, ತಮ್ಮ ಕರಪತ್ರ ನಾಳೆಯೇ ಛಾಪಖಾನೆಗೆ ಹೋಗಬೇಕು, ನಾಲ್ಕು ತಿದ್ದುಪಡಿ ಇವೆ, ನೀವು ರಜೆಯ ಮೇಲೆ ಇದ್ದೀರಾ ಎಂದು ಕೇಳಿದರು. ಫ್ರೀಲಾನ್ಸ್ ಮಾಡುವವನ ಬಾಯಲ್ಲಿ ರಜೆ ಎನ್ನುವ ಶಬ್ದ ಬರುವುದಿಲ್ಲ. "ಇಲ್ಲ ಇಲ್ಲ ಸಾಹೇಬ, ನಾಳೆಯೂ ಇಂಟರ್‌ನೆಟ್ಟಿನಲ್ಲೇ ಇರುತ್ತೇನೆ, ಕೋಣೆಗೆ ಬಂದು ಎರಡು ನಿಮಿಷದಲ್ಲಿ ಹೇಳಿಬಿಡಿ" ಎಂದುಬಿಟ್ಟೆ.

ಕಂಪ್ಯೂಟರು ಇದ್ದದ್ದು ಗೋಕಾಕದಲ್ಲಿ, ತೊಟ್ಟಿಲು ಬಾಗೇವಾಡಿಯಲ್ಲಿ. ಆಗಿನ ಮಾನಿಟರು ಎಂದರೆ ಇಬ್ಬರು ಎತ್ತುವ ವಸ್ತು. ಅದಕ್ಕೆ ಕೌದಿ ಸುತ್ತಿ, ಹಗ್ಗ ಬಿಗಿದು, ಕೆಂಪು ಬಸ್ಸು ಹತ್ತಿಸಿದೆ.

"ಏನ್ರಿ ಇದು? ಟೀವಿ?" ಎಂದ ಕಂಡಕ್ಟರು.

"ಅಲ್ರಿ, ಕಂಪ್ಯೂಟರು. ಇದರಾಗ ನಮ್ಮ ಅಕ್ಕ ಬರಾಕಿ ಅದಾಳ."

ಕಂಡಕ್ಟರು ಕೌದಿಯ ಗಂಟನ್ನೂ ನನ್ನನ್ನೂ ಒಮ್ಮೆ ನೋಡಿ, ಮೆಲ್ಲಗೆ ಎರಡು ಹೆಜ್ಜೆ ಹಿಂದೆ ಸರಿದ. ನಂತರ ಏನನ್ನಿಸಿತೋ, ಮುಂದಿನ ಸೀಟಿನವರನ್ನು ಎಬ್ಬಿಸಿ ಮಾನಿಟರಿಗೆ ಜಾಗ ಮಾಡಿಕೊಟ್ಟ. ಮಾನಿಟರಿಗೆ ಸೀಟು ಸಿಕ್ಕಿತು, ನನಗೆ ಸಿಗಲಿಲ್ಲ. ಘಟಪ್ರಭಾ ದಾಟಿ ಬಾಗೇವಾಡಿಯ ತನಕ ಅದರ ತಲೆ ಹಿಡಿದುಕೊಂಡು ನಿಂತೇ ಹೋದೆ. ಬಾಗಿಲಲ್ಲಿ ಅತ್ತೆಯವರು, "ಯಾಕ್ರಿ ಇಷ್ಟ ತ್ರಾಸ ತಗೊಂಡ್ರಿ, ನಮ್ಮಲ್ಲೆ ಟೀವಿ ಐತೆಲ್ರಿ!" ಎಂದು ಸಂಕೋಚಪಟ್ಟರು.

ಮಾವನವರ ಫೋನಿನ ವೈರು ಕಿತ್ತು ನನ್ನ ಮೋಡೆಮ್ಮಿಗೆ ಸಿಕ್ಕಿಸಿದೆ. ಅದು ಕಿರ್ರೋ ಎಂದು ಅಳಲು ಶುರು ಮಾಡಿದಾಗ ಒಳಗಿದ್ದ ಕೂಸೂ ಅಳಲು ಶುರು ಮಾಡಿತು. ಎರಡರಲ್ಲಿ ಮೋಡೆಮ್ಮು ಮೊದಲು ಸುಮ್ಮನಾಯಿತು. ಒಂದು ಸ್ಪೀಕರನ್ನು ತೊಟ್ಟಿಲೊಳಗೆ ಇಟ್ಟೆ. ಪದ್ಧತಿಯ ಪ್ರಕಾರ ತೊಟ್ಟಿಲಲ್ಲಿ ಕುಂಚಿಗೆ ತೊಡಿಸಿದ ಗುಂಡಕಲ್ಲು ಮೊದಲೇ ಮಲಗಿತ್ತು. ಪದ್ಮಾಳ ಅಜ್ಜಿ ಜಿನ್ನವ್ವ ಆಯಿ ಸ್ಪೀಕರನ್ನು ಬಹಳ ಹೊತ್ತು ನೋಡಿ, "ಇದಕ್ಕೂ ಒಂದು ಕುಂಚಿಗಿ ಹಾಕ್ರೆ, ಬರೇ ತಲಿ ಇರಬಾರದು" ಎಂದರು. ಹಾಕಿದರು. ನಾನು ಬೇಡ ಎನ್ನಲಿಲ್ಲ. ಅಳಿಯನಾದವನು ಎಲ್ಲದಕ್ಕೂ ಬಾಯಿ ಹಾಕಬಾರದು.

ಮಧ್ಯಾಹ್ನ ಪಡಸಾಲೆ ತುಂಬಿತು. ಮಾವನವರು ಓಣಿಯವರಿಗೆಲ್ಲ, "ನಮ್ಮ ಅಳ್ಯಾರು ಗುವಾಹಟಿ ಇಲ್ಲಿಗೇ ತರಾಕತ್ತಾರ" ಎಂದು ಎದೆಯುಬ್ಬಿಸಿ ಹೇಳುವುದನ್ನು ಕೇಳಿ ನನಗೆ ಕಣ್ಣು ತುಂಬಿ ಬಂತು. ಮೊದಲ ಬಾರಿಗೆ ಅವರು ನನ್ನ ಬಗ್ಗೆ ದನಿ ಏರಿಸಿ ಮಾತಾಡಿದ್ದರು.

ಹೇಳಿದ ಹೊತ್ತಾಯಿತು. ಕೋಣೆಯಲ್ಲಿ ಜೋಶಿ ಮಾಸ್ತರರು ಬಂದರು. ಫಿಲೋಮಿನಾ ಬಾಯಿ ಬಂದರು. ಇನ್ನೂ ಯಾರು ಯಾರೋ ಬಂದು ಶುಭಾಶಯ ಬರೆದರು. ಅಕ್ಕ ಬರಲಿಲ್ಲ.

"ಬರ್ತಾಳ, ದೂರದಿಂದ ಬರಬೇಕಲ್ಲ" ಎಂದೆ.

"ಕಂಪ್ಯೂಟರ್‌ನ್ಯಾಗ ಬರಾಕೂ ದೂರ ಆಗತೈತೇನು?" ಎಂದಳು ಪದ್ಮಾ, ಕಿವಿಗೆ ಸ್ಕಾರ್ಫ್ ಕಟ್ಟಿಕೊಂಡು ಕೂಸನ್ನು ತಟ್ಟುತ್ತ.

ಹೆಂಗಸರು ತೊಟ್ಟಿಲ ಹಾಡು ಹಾಡಿದರು. ಮುಗಿಯಿತು. ಇನ್ನೊಂದು ಹಾಡಿದರು. ಅದೂ ಮುಗಿಯಿತು. ಬಂದವರೆಲ್ಲ ಹೊತ್ತು ಮುಳುಗಿದ ಮೇಲೆ ಅನ್ನ ಮುಟ್ಟದ ಜೈನರು. ಹೆಸರಿಡದೆ ಪಂಕ್ತಿ ಕೂರಿಸುವಂತಿಲ್ಲ. ಹೊತ್ತು ಮುಳುಗಿದ ಮೇಲೆ ಕೂರಿಸಿದರೆ ಉಣ್ಣುವವರಿಲ್ಲ. ಒಳಗೆ ಹೋಳಿಗೆಯ ಬುಟ್ಟಿ ತುಂಬಿ ಕುಳಿತಿತ್ತು. ಅತ್ತೆಯವರು ಬುಟ್ಟಿ ನೋಡುವುದು, ಕಿಟಕಿಯಲ್ಲಿ ಬಿಸಿಲು ನೋಡುವುದು, ನನ್ನನ್ನು ನೋಡುವುದು. ಕಮಲಕ್ಕ ಹೊಸ ಸೀರೆಯ ನೆರಿಗೆ ಸರಿಮಾಡಿಕೊಂಡಳು.

ಮಾವನವರು ನನ್ನ ಪಕ್ಕಕ್ಕೆ ಬಂದು ಬಹಳ ಮರ್ಯಾದೆಯಿಂದ, "ಅಳ್ಯಾರ, ಮುಂಜಾನಿಂದ ಫೋನ್ ಒಮ್ಮೆರ ಹೊಡದಿಲ್ಲ. ಏನರ ಕೆಟ್ಟಿರಬೇಕೇನ್ರಿ?" ಎಂದು ಕೇಳಿದರು.

"ಕೆಟ್ಟಿಲ್ರಿ ಮಾಮಾ. ಇಂಟರ್‌ನೆಟ್ ಚಾಲೂ ಇದ್ದಾಗ ಫೋನ್ ಬರೂದಿಲ್ಲ. ಲೈನ್ ಒಂದೇ ಇರತೈತ್ರಿ" ಎಂದು ಪಾಠ ಹೇಳಿದಂತೆ ವಿವರಿಸಿದೆ. ನನ್ನ ಬಾಯಿಂದ ಬಂದ ಈ ಮಾತು ನನ್ನ ಕಿವಿಗೆ ಬೀಳಲಿಲ್ಲ. ಪದ್ಮಾಳ ಕಿವಿಗೆ, ಸ್ಕಾರ್ಫ್ ಇದ್ದರೂ, ಬಿತ್ತು.

"ರೀ, ಅಕ್ಕಾರು ಫೋನ್ ಹಚ್ಚಾಕತ್ತಿದ್ರ?"

"ಫೋನ್ ಯಾಕ ಹಚ್ತಾಳ? ಇದರಾಗ ಬರ್ತೇನಿ ಅಂತ ಹೇಳ್ಯಾಳ."

"ಬರಾಕ ಆಗಿರಲಿಕ್ಕಿಲ್ಲ. ಆ ವೈರ್ ಒಂಚೂರು ತಗೀರಿ."

"ಹುಚ್ಚಿ! ವೈರ್ ತಗದ್ರ ಅಕ್ಕ ಎಲ್ಲಿಂದ ಬರಬೇಕು?"

ಅಷ್ಟರಲ್ಲಿ ಸ್ಪೀಕರು ಕರಕರ ಎಂದಿತು. ಹೆಣ್ಣು ದನಿ! "ಹಲೋ... ಹಲೋ..."

ನಾನು ಕುಣಿದೇಬಿಟ್ಟೆ. "ಬಂದ್ಳು! ಅಕ್ಕ ಬಂದ್ಳು! ಕೂಸಿನ್ನ ಮಲಗಸ್ರಿ!" ಎಂದು ಕೂಗಿದೆ. ಕೂಸನ್ನು ತೊಟ್ಟಿಲಲ್ಲಿ ಮಲಗಿಸಿದರು. ಕುಂಚಿಗೆ ತೊಟ್ಟ ಸ್ಪೀಕರನ್ನು ಅದರ ಕಿವಿಯ ಪಕ್ಕಕ್ಕೆ ಸರಿಸಿದೆ. ನಾನು ಮೈಕಿನಲ್ಲಿ, "ಹೇಳಕ್ಕಾ! ಎಲ್ಲಾರೂ ಕಾಯಾಕತ್ತಾರ. ಸಾವಕಾಶ, ಸ್ವಚ್ಛ ಹೇಳು!" ಎಂದೆ.

ಸ್ಪೀಕರು ಸಾವಕಾಶವಾಗಿ, ಸ್ವಚ್ಛವಾಗಿ, ಶುದ್ಧ ಮರಾಠಿಯಲ್ಲಿ ಹೇಳಿತು:

"ದುಗ್ಧಮಾಲಿನಿ ಪಶುಖಾದ್ಯ! ಪನ್ನಾಸ ಕಿಲೋ!"

ಅದು ಶಿಂದೆ ಸಾಹೇಬರ ಆಫೀಸಿನ ಹೆಣ್ಣುಮಗಳು. ತಿದ್ದುಪಡಿ ಹೇಳಲು ಬಂದಿದ್ದರು.

ನಮ್ಮ ಕಡೆಯ ಜೈನರ ಮನೆಯಲ್ಲಿ ಮರಾಠಿ ತಿಳಿಯದವರು ಯಾರಿದ್ದಾರೆ? ಹಸುಗೂಸಿನ ಹೊರತು ಎಲ್ಲರಿಗೂ ತಿಳಿಯಿತು. ಜಿನ್ನವ್ವ ಆಯಿ ಮಾತ್ರ ಖಾತ್ರಿ ಮಾಡಿಕೊಳ್ಳಲು, "ಪಶುಖಾದ್ಯ ಅಂದ್ರ ದನದ ಹಿಂಡಿ ಹೌದಲ್ಲೋ?" ಎಂದು ಕೇಳಿದರು. ಕೋಣೆಯಲ್ಲಿದ್ದ ಗೆಳೆಯರಿಗೆ ಮೊದಲ ಶಬ್ದವಷ್ಟೇ ಕೇಳಿಸಿತ್ತು. ಹೆಸರು ಕೇಳಿಸಿತೆಂದು ತಿಳಿದ ಫಿಲೋಮಿನಾ ಬಾಯಿ ಆ ಕಡೆಯಿಂದ ಚಪ್ಪಾಳೆ ತಟ್ಟಿದರು. ಜೋಶಿ ಮಾಸ್ತರರು, "ಬಹಳ ಅಪರೂಪದ ಹೆಸರು, ಸಂಸ್ಕೃತದ್ದು" ಎಂದು ಬರೆದರು. ಅವರು ಈಗಲೂ ಮೇಲ್ ಕಳಿಸಿದರೆ ದುಗ್ಧಮಾಲಿನಿ ಹೇಗಿದ್ದಾಳೆ ಎಂದೇ ಕೇಳುತ್ತಾರೆ. ತಿದ್ದಿ ಹೇಳುವ ಧೈರ್ಯ ನನಗೆ ಬಂದಿಲ್ಲ.

"ಕಿವ್ಯಾಗ ಬಿದ್ದದ್ದು ಬಿತ್ತು. ಇನ್ನ ಏನ ಮಾಡೂದು?" ಎಂದು ಯಾರೋ ರಾಗ ತೆಗೆದರು. ಅತ್ತೆಯವರು ಅಳುವುದೊಂದೇ ಬಾಕಿ. ಮಾವನವರ ಎದೆ ಮೊದಲಿನ ಅಳತೆಗೆ ಬಂದಿತ್ತು. ಕಮಲಕ್ಕ ಎದ್ದು ನಿಂತು, ಸೆರಗು ಸಿಕ್ಕಿಸಿ, "ಹೊತ್ತ ಮುಳುಗಾಕ ಬಂತು. ಸರೀರಿ, ನಾ ಇಡ್ತೇನಿ" ಎಂದು ತೊಟ್ಟಿಲ ಕಡೆಗೆ ಹೊರಟಳು. ಅವಳದೇನೂ ತಪ್ಪಿರಲಿಲ್ಲ. ಆದರೆ ನನಗೆ ಅಕ್ಕ ಆವತ್ತು ಫೋನಿನಲ್ಲಿ ಸುಮ್ಮನಾದದ್ದು ನೆನಪಾಯಿತು. "ಕಮಲಕ್ಕಾ, ಎರಡು ನಿಮಿಷ!" ಎಂದು ಕೈ ಜೋಡಿಸಿದೆ. ಎರಡು ನಿಮಿಷದಲ್ಲಿ ಏನು ಮಾಡುತ್ತೇನೆಂದು ನನಗೂ ಗೊತ್ತಿರಲಿಲ್ಲ.

ಪದ್ಮಾಳಿಗೆ ಗೊತ್ತಿತ್ತು. ಅವಳು ಬಾಣಂತಿ ಎನ್ನುವುದನ್ನೂ ಮರೆತು ಎದ್ದು ಬಂದಳು. ನನ್ನನ್ನು ಒಂದು ಕೈಯಿಂದ ಸರಿಸಿದಳು, ಇನ್ನೊಂದು ಕೈಯಿಂದ ಮೋಡೆಮ್ಮಿನ ವೈರು ಕಿತ್ತಳು. ನಾಗಪುರ, ಮಂಗಳೂರು, ಕೊಲ್ಹಾಪುರ ಎಲ್ಲವೂ ಒಮ್ಮೆಲೇ ಕಡಿದುಹೋದವು. ವೈರನ್ನು ಫೋನಿಗೆ ಸಿಕ್ಕಿಸಿದಳು.

ಸಿಕ್ಕಿಸಿ ಕೈ ತೆಗೆಯುವುದರೊಳಗೆ ಫೋನು ಹೊಡೆಯಿತು!

ಪದ್ಮಾ ರಿಸೀವರು ಎತ್ತಿ ನನಗೆ ಕೊಟ್ಟಳು.

"ಭರತ್ಯಾ!" ಗುವಾಹಟಿಯಿಂದ ಬಂದ ಆ ದನಿ ಪಡಸಾಲೆಗೆಲ್ಲ ಕೇಳಿಸಿತು. ಅದಕ್ಕೆ ಯಾವ ಸ್ಪೀಕರೂ ಬೇಕಾಗಲಿಲ್ಲ. "ಇವತ್ತ ಇಲ್ಲೆ ಊರ ಬಂದ್ ಐತಿ. ಕೆಫೆ ಬಾಗಲಾ ಹಾಕ್ಯಾರ. ಮುಂಜಾನಿಂದ ಫೋನ್ ಹಚ್ಚಿ ಹಚ್ಚಿ ನನ್ನ ಕೈ ಬಟ್ಟ ಹೋದೂವು! ಬೀಗರ ಫೋನಿಗೂ ನಿನ್ನ ರೋಗ ಹತ್ತೇತೇನು?" ಎಂದವಳು ಥಟ್ಟನೆ ದನಿ ಇಳಿಸಿ, "ಕಮಲಾ ಇಟ್ಟಬಿಟ್ಟಳೇನೋ?" ಎಂದು ಕೇಳಿದಳು.

ಆ ದನಿಯಲ್ಲಿ ಅಳು ಇತ್ತು. ಉತ್ತರ ಕೊಟ್ಟವಳು ಕಮಲಕ್ಕ. ನನ್ನ ಕೈಯಿಂದ ಫೋನು ಕಸಿದುಕೊಂಡು, "ಇಲ್ಲವಾ ಸುನಂದಾ, ನಿನ್ನ ಹೆಸರಿಗೆ ಯಾರೂ ಕೈ ಹಚ್ಚಿಲ್ಲ. ಲಗೂನ ಹೇಳ, ಹೋಳಿಗಿ ಆರಾಕತ್ತಾವ" ಎಂದಳು. ಆ ಕ್ಷಣಕ್ಕೆ ಕಮಲಕ್ಕನ ಕಾಲಿಗೆ ಬೀಳಬೇಕೆನ್ನಿಸಿತು. ಆದರೆ ದನದ ಹಿಂಡಿಯ ಮಾತು ಇನ್ನೂ ಉಳಿದಿತ್ತಲ್ಲ? ಎಲ್ಲರೂ ಜಿನ್ನವ್ವ ಆಯಿಯ ಮುಖ ನೋಡಿದರು. ಆಯಿ ನ್ಯಾಯಾಧೀಶರ ಗತ್ತಿನಲ್ಲಿ, "ಅದು ಎಡಗಿವ್ಯಾಗ ಬಿದ್ದದ್ದು. ಲೆಕ್ಕಕ್ಕಿಲ್ಲ" ಎಂದು ತೀರ್ಪು ಕೊಟ್ಟರು.

ಕಮಲಕ್ಕನೇ ರಿಸೀವರನ್ನು ಕೂಸಿನ ಬಲಗಿವಿಗೆ ಹಿಡಿದಳು. ಅಷ್ಟು ದೂರದಿಂದ, ಹೆಸರಿಗೆ ಮೊದಲು ಹೇಳುವ ಪದ್ಧತಿಯಂತೆ, "ಕುರ್‍ರ್‍ರ್..." ಎಂದು ಅಕ್ಕನ ದನಿ ಬಂತು. ಸಣ್ಣವನಿದ್ದಾಗ ನನ್ನನ್ನು ಮಲಗಿಸುತ್ತಿದ್ದ ಅದೇ ದನಿ. ಆಮೇಲೆ ಮೆಲ್ಲಗೆ, "ಚಂದನಾ..." ಎಂದಿತು. ಕೂಸು ಕಣ್ಣು ಪಿಳುಕಿಸಿತು. ಪದ್ಮಾ ಕಣ್ಣೊರೆಸಿಕೊಂಡಳು. ನಾನೂ ಒರೆಸಿಕೊಂಡೆ. ಇಷ್ಟು ಒಳ್ಳೆಯ ಹೆಸರನ್ನು ಅಕ್ಕ ಎಷ್ಟು ದಿನದಿಂದ ಒಬ್ಬಳೇ ಬಚ್ಚಿಟ್ಟುಕೊಂಡಿದ್ದಳೋ!

ಕಥೆ ಇಲ್ಲಿಗೆ ಮುಗಿದಿದ್ದರೆ ನನ್ನ ಮಾನ ಅರ್ಧವಾದರೂ ಉಳಿಯುತ್ತಿತ್ತು. ನಮ್ಮ ಕಡೆ ಇನ್ನೊಂದು ಪದ್ಧತಿ ಇದೆ. ಸೋದರತ್ತೆ ಬಗ್ಗಿ ಹೆಸರು ಹೇಳಿದ ಕೂಡಲೇ ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದು ಹಾಕುತ್ತಾರೆ. ಗುದ್ದಿಲ್ಲದೆ ಹೆಸರು ಪೂರ್ತಿಯಾಗುವುದಿಲ್ಲ. ಹೆಂಗಸರು ಮುಷ್ಟಿ ಬಿಗಿದು ಸಿದ್ಧರಾಗಿದ್ದರು. ಬೆನ್ನು ಮಾತ್ರ ಗುವಾಹಟಿಯಲ್ಲಿತ್ತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಕಮಲಕ್ಕ ಫೋನಿನಲ್ಲಿ ಅಕ್ಕನಿಗೆ ತೊಡಕು ತಿಳಿಸಿದಳು.

"ಭರತ್ಯಾ ಎಲ್ಲಿ ಅದಾನ?" ಎಂದಿತು ಫೋನು.

"ಇಲ್ಲೇ ಕಂಪ್ಯೂಟರ್ ಮರಿಗೆ ನಿಂತಾನ."

"ನನ್ನ ಪಾಲಿಂದು ಅಂವಗ ಹಾಕ್ರಿ. ಅಳ್ಯಾ ಅಂತ ಕೈ ಹಿಡೀಬ್ಯಾಡ್ರಿ. ಫೋನ್ ಅವನ ಬೆನ್ನ ಬಾಜೂಕ ಹಿಡೀರಿ, ನಾ ಕೇಳಬೇಕು."

ಮಾವನವರು, "ಏ, ಏ, ಅಳ್ಯಾರಿಗೆ..." ಎಂದು ಬಾಯಲ್ಲಿ ಹೇಳುತ್ತ, ಹೆಂಗಸರಿಗೆ ಜಾಗವಾಗಲೆಂದು ಕುರ್ಚಿ ಸರಿಸಿಕೊಟ್ಟರು. ಪದ್ಮಾ ರಿಸೀವರು ಹಿಡಿದಳು. ಮೊದಲನೆಯದು ಕಮಲಕ್ಕನದು. ಹೊಸ ಸೀರೆ, ಅದರ ಫಾಲು, ತಪ್ಪಿಹೋದ ಹೆಸರು, ಎಲ್ಲವೂ ಸೇರಿದ ಗುದ್ದು ಅದು. ಅವಳ ಹಿಂದೆ ಉಳಿದವರು ಸಾಲಾಗಿ ಬಂದರು. ಆಯಿ ಕೂಡ ಕೋಲು ಊರಿಕೊಂಡು ಎದ್ದು ಬಂದು ತಮ್ಮದೊಂದು ಹಾಕಿ ಹೋದರು. ನಾನು ಬಗ್ಗಿದಲ್ಲಿಂದಲೇ ರಿಸೀವರಿನ ಕಡೆಗೆ ಕುತ್ತಿಗೆ ಚಾಚಿ, "ಕೇಳಿತೇನಕ್ಕಾ?" ಎಂದು ನರಳಿದೆ.

ಗುವಾಹಟಿಯಿಂದ ಬಂದ ಉತ್ತರ ಗಂಟೆ ಹೊಡೆದಷ್ಟು ಸ್ವಚ್ಛವಾಗಿತ್ತು.

"ಲೈನ್ ಬರೋಬ್ಬರಿ ಇಲ್ಲೋ ಭರತ್ಯಾ, ಏನೂ ಕೇಳಸಲಿಲ್ಲ. ಎಲ್ಲಾರಿಗೂ ಇನ್ನೊಮ್ಮಿ ಹಾಕಾಕ ಹೇಳ!"